ಆ ತಾಯಿ ಯಾವ ಬಾಗಿಲು ತಟ್ಟಬೇಕಿತ್ತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಸ್ಟುಡಿಯೋ ಹೇಗಿರುತ್ತೆ ಗೊತ್ತಾ? ಬೆಳಗ್ಗೆ ಟಾಪರ್‌ಗಳ ಬಾಯಿಗೆ ಪೇಡ ಇಡುವ ದೃಶ್ಯ. ಮಧ್ಯಾಹ್ನ ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕೊನೆ ಅನ್ನೋ ಪಟ್ಟಿ. ಸಂಜೆ ಆಗುತ್ತಿದ್ದಂತೆ ಸ್ಕ್ರೋಲ್‌ನಲ್ಲಿ ಇನ್ನೊಂದು ಬಗೆಯ ಸುದ್ದಿ ಓಡೋಕೆ ಶುರುವಾಗುತ್ತೆ. ಅದೇನು ಅಂತ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಒಂಬತ್ತಕ್ಕೆ ಅದರ ಮೇಲೆ ಚರ್ಚೆ. ಪರದೆ ಮೇಲೆ ನಾಲ್ಕು ಮುಖ, ನಡುವೆ ನಾನು.

ಅಂಥ ಒಂದು ರಾತ್ರಿ ಕಾರ್ಯಕ್ರಮ ಮುಗಿಸಿ ಮೈಕ್ ಬಿಚ್ಚುತ್ತಿದ್ದೆ. ಡೆಸ್ಕಿನ ಹುಡುಗ ಫೋನ್ ಹಿಡಿದುಕೊಂಡು ಬಂದ. ಬಳ್ಳಾರಿ ಸೀಮೆಯ ಒಂದು ಹಳ್ಳಿಯ ತಾಯಿ. "ಸರ, ನನ್ನ ಮಗ ಪಾಸೇ ಆಗ್ಯಾನ. ಆದ್ರ ಮೂರು ತಿಂಗಳಿಂದ ಯಾರ ಕೂಡಾನೂ ಮಾತಾಡವಲ್ಲ. ರಾತ್ರಿ ನಿದ್ದಿ ಇಲ್ಲ. ಸಾಲ್ಯಾಗ ಕೇಳಿದ್ರ ದವಾಖಾನಿಗೆ ಒಯ್ರಿ ಅಂದ್ರು. ದವಾಖಾನ್ಯಾಗ ಕೇಳಿದ್ರ ದೊಡ್ಡಾಸ್ಪತ್ರಿಗೆ ಹೋಗ್ರಿ ಅಂದ್ರು. ಎಲ್ಲಿಗೆ ಒಯ್ಯಲಿ, ನೀವರ ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಒಂದು ಗಂಟೆ ಅದೇ ವಿಷಯದ ಮೇಲೆ ಗಂಟಲು ಹರಿದುಕೊಂಡವನಿಗೆ ಗೊತ್ತಿರಲಿಲ್ಲ! "ನಾಳೆ ನಾನೇ ಫೋನ್ ಮಾಡ್ತೀನಮ್ಮ" ಅಂದೆ. ಆ ರಾತ್ರಿ ಒಂದು ಫೋನ್ ನಂಬರ್ ಹುಡುಕೋಕೆ ಅಂತ ಕೂತವನು ಎಲ್ಲೆಲ್ಲಿಗೋ ಹೋದೆ. ಅಲ್ಲಿ ಕಂಡದ್ದನ್ನು ಹೇಳ್ತೀನಿ.

ಮನಸ್ಸಿನ ಕಾಯಿಲೆಗೆ ನಮ್ಮ ದೇಶದಲ್ಲಿ ಬ್ರಿಟಿಷರು ಕಟ್ಟಿದ್ದು ಹುಚ್ಚಾಸ್ಪತ್ರೆ. ಎತ್ತರದ ಗೋಡೆ, ಕಬ್ಬಿಣದ ಗೇಟು. ರೋಗಿ ಒಳಗೆ, ಮನೆಯವರು ಹೊರಗೆ. ಇದನ್ನು ಮುರಿದವರಲ್ಲಿ ಒಬ್ಬರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಮಾಡಿದ ಕೆಲಸ ತುಂಬಾ ಸರಳ. ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಬಂದು ಇರಿ ಅಂದರು. ಅಮ್ಮನೋ ಅಣ್ಣನೋ ಪಕ್ಕದಲ್ಲಿದ್ದು ಅನ್ನ ಕೊಟ್ಟರು, ಮಾತಾಡಿಸಿದರು. ಕಾಯಿಲೆ ಅಂದರೇನು ಅಂತ ಕಲಿತುಕೊಂಡೇ ಊರಿಗೆ ಹೋದರು. ಆಮೇಲೆ ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಮನೆಯವರು ಆಸ್ಪತ್ರೆಯ ಒಳಗೆ ಬಂದರು.

ಇನ್ನೊಂದು ಕಥೆ ನಮ್ಮ ಕರಾವಳಿಯದು. ಡಾ. ಆರ್.ಎಲ್. ಕಪೂರ್ ಮತ್ತು ಸ್ಕಾಟ್ಲೆಂಡಿನ ಕಾರ್‌ಸ್ಟೇರ್ಸ್ ಸೇರಿ ಉಡುಪಿ ಹತ್ತಿರದ ಕೋಟದಲ್ಲಿ ಅಧ್ಯಯನ ಮಾಡಿದರು. ಹೌದು, ಶಿವರಾಮ ಕಾರಂತರು ಹುಟ್ಟಿದ ಕೋಟವೇ. ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಗೆ ಹೋಗಿ, ಮನಸ್ಸಿನ ತೊಂದರೆ ಯಾರಿಗಿದೆ, ಬಂದಾಗ ಎಲ್ಲಿಗೆ ಹೋಗ್ತೀರಿ ಅಂತ ಕೇಳಿದರು. 1976ರಲ್ಲಿ ಅದು ಪುಸ್ತಕವಾಗಿ ಬಂತು. ಊರಲ್ಲಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ಮೈಮೇಲೆ ದರ್ಶನ ಬರುವ ಪಾತ್ರಿಗಳಿದ್ದರು, ಇಂಗ್ಲಿಷ್ ಮದ್ದಿನ ಡಾಕ್ಟರೂ ಇದ್ದರು. ಜನ ಒಬ್ಬರನ್ನೇ ನಂಬಿ ಕೂತಿರಲಿಲ್ಲ. ಇವರ ಹತ್ತಿರ ಯಂತ್ರ, ಅವರ ಹತ್ತಿರ ಇಂಜೆಕ್ಷನ್. ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ರೋಗಿಯ ಕೈ ಹಿಡಿದು ನಡೆಸುತ್ತಿದ್ದವರು ಮನೆಯವರು. ಬೇರೆ ಯಾರೂ ಅಲ್ಲ.

ಇದನ್ನು ಓದುವಾಗ ಆ ತಾಯಿಯ ದನಿ ಕಿವಿಯಲ್ಲೇ ಇತ್ತು.

ಈಗ 1975ಕ್ಕೆ ಬನ್ನಿ. ತುರ್ತು ಪರಿಸ್ಥಿತಿ ಅಂತ ಮಾತ್ರ ನಮಗೆ ನೆನಪಿರುವ ವರ್ಷ. ಆ ವರ್ಷ ಕರ್ನಾಟಕದಲ್ಲಿ ಎರಡು ಕೆಲಸ ಶುರುವಾದವು. ಆಗಷ್ಟೇ ಹೊಸ ರೂಪ ಪಡೆದಿದ್ದ ನಿಮ್ಹಾನ್ಸ್‌ನಲ್ಲಿ ಇದೇ ಕಪೂರ್ ಅವರು ಸಮುದಾಯ ಮನೋವೈದ್ಯಕೀಯ ಘಟಕ ಕಟ್ಟಿದರು. ಆನೇಕಲ್ ತಾಲ್ಲೂಕಿನ ಸಕಲವಾರ ಅದರ ಹಳ್ಳಿ ಕೇಂದ್ರವಾಯಿತು. ಇನ್ನೊಂದು, ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 100 ಅಂಗನವಾಡಿಗಳು.

ಒಂದು ಕಡೆ ಮನಸ್ಸು, ಇನ್ನೊಂದು ಕಡೆ ಮಗು. ಮೊದಲನೆಯದು ಆರೋಗ್ಯದವರ ಲೆಕ್ಕಕ್ಕೆ, ಎರಡನೆಯದು ಮಕ್ಕಳ ಕಲ್ಯಾಣದವರ ಲೆಕ್ಕಕ್ಕೆ. ಬೇರೆ ಕಚೇರಿ, ಬೇರೆ ರಿಜಿಸ್ಟರ್, ಬೇರೆ ಅಧಿಕಾರಿ. ಮಗುವಿನ ಮನಸ್ಸು ಯಾರ ರಿಜಿಸ್ಟರಿಗೆ ಬರಬೇಕು?

ನಾನು ಓದಿದ್ದು ಎಂಜಿನಿಯರಿಂಗ್. ಕೊನೆ ವರ್ಷದ ಪ್ರಾಜೆಕ್ಟಲ್ಲಿ ನಾಲ್ಕು ಜನ ನಾಲ್ಕು ಭಾಗ ಮಾಡಿಕೊಂಡಿದ್ದೆವು. ಎಲ್ಲರ ಭಾಗವೂ ಬಿಡಿಬಿಡಿಯಾಗಿ ಚೆನ್ನಾಗೇ ಓಡುತ್ತಿತ್ತು. ವೈವಾ ಹಿಂದಿನ ರಾತ್ರಿ ಜೋಡಿಸಿದಾಗ ಒಂದೂ ಓಡಲಿಲ್ಲ. ಜೋಡಿಸುವ ಕೆಲಸವನ್ನು ಯಾರ ಹೆಸರಿಗೂ ಬರೆದಿರಲಿಲ್ಲ. ನಾವು ಹುಡುಗರು, ಬೈಸಿಕೊಂಡು ಪಾಸಾದೆವು.

ಸಕಲವಾರದಲ್ಲಿ ಕಲಿತದ್ದನ್ನು ದೊಡ್ಡದಾಗಿ ಮಾಡಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡ ಜಿಲ್ಲೆ ಬಳ್ಳಾರಿ. ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆ ಫೋನ್ ಬಂದಿದ್ದು ಅಲ್ಲಿಂದಲೇ ಅಲ್ವಾ?

1985ರಿಂದ 1990ರವರೆಗೆ ನಡೆದ ಕೆಲಸ ಅದು. 1981ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಸುಮಾರು 15 ಲಕ್ಷ ಜನ. ಬೆಂಗಳೂರಿಗೆ 300 ಕಿಲೋಮೀಟರ್ ಮೇಲೆ. ಅಷ್ಟು ದೂರ ರೋಗಿಯನ್ನು ಬಸ್ಸಿನಲ್ಲಿ ಕರೆತರುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರಿಗೆ ಏನು ನೋಡಬೇಕು, ಏನು ಕೇಳಬೇಕು, ಯಾರನ್ನು ಕಳಿಸಬೇಕು, ಕಳಿಸಿದ ಮೇಲೆ ಮಾತ್ರೆ ತಗೋತಿದ್ದಾರಾ ಅಂತ ಹೇಗೆ ವಿಚಾರಿಸಬೇಕು ಎಲ್ಲ ಹೇಳಿಕೊಟ್ಟರು. ನಾಲ್ಕಾರು ಬಗೆಯ ಔಷಧಿ ಹತ್ತಿರದ ಕೇಂದ್ರದಲ್ಲೇ ಸಿಗುವ ಹಾಗೆ ಮಾಡಿದರು. ಡಾ. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಈ ಸಾಲಿನ ಹೆಸರುಗಳು. ಚಂದ್ರಶೇಖರ್ ಅವರ ಪುಸ್ತಕ ನಿಮ್ಮ ಮನೆಯಲ್ಲೂ ಒಂದಾದರೂ ಇರುತ್ತೆ, ನೋಡಿ.

ಬಳ್ಳಾರಿಯ ಮಾದರಿಯನ್ನೇ ಹಿಡಿದು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಇವತ್ತು ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ನೀವು ಕಾಣುವ ಮಾನಸಿಕ ಆರೋಗ್ಯ ಘಟಕದ ಬೇರು ನಮ್ಮ ಬಳ್ಳಾರಿಯಲ್ಲಿದೆ. ಗಣಿ ಬಗ್ಗೆ ನಾವು ಟಿವಿಯವರು ಎಷ್ಟು ಗಂಟೆ ಮಾತಾಡಿದ್ದೀವಿ! ಇದರ ಬಗ್ಗೆ ಒಂದು ನಿಮಿಷ ಮಾತಾಡಿದ್ದು ನನಗಂತೂ ನೆನಪಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಬಳ್ಳಾರಿಯ ಆರೋಗ್ಯ ಸಹಾಯಕರು ಮುಖ್ಯವಾಗಿ ಹುಡುಕಿದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯ. ಆ ಕಾಲಕ್ಕೆ ಅದು ಸರಿಯೇ. ಸರಪಳಿಯಲ್ಲಿ ಕಟ್ಟಿಹಾಕಿದವರನ್ನು ಬಿಡಿಸೋದು ಮೊದಲ ಕೆಲಸ. ಆದರೆ ಸುಮ್ಮನೆ ಕೂತ ಹುಡುಗ, ಶಾಲೆ ಬಿಟ್ಟ ಹುಡುಗಿ, ಹತ್ತು ವರ್ಷವಾದರೂ ಹಾಸಿಗೆ ಒದ್ದೆ ಮಾಡಿಕೊಂಡು ಏಟು ತಿನ್ನುವ ಮಗು, ಇವರು ಆ ಪಟ್ಟಿಯಲ್ಲಿ ಇರಲಿಲ್ಲ. ಇಂಥ ಮಕ್ಕಳು ಆರೋಗ್ಯ ಕೇಂದ್ರಕ್ಕೆ ಬರೋದೂ ಇಲ್ಲ. ಇರೋದು ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಮನೆಯ ಮೂಲೆಯಲ್ಲಿ.

ಎಷ್ಟು ಮಕ್ಕಳು? ನಿಮ್ಹಾನ್ಸ್‌ನ ಡಾ. ಶೋಭಾ ಶ್ರೀನಾಥ್ ಮತ್ತು ತಂಡ ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲ ಹಳ್ಳಿ ಮೂರೂ ಕಡೆಯ 2064 ಮಕ್ಕಳನ್ನು ನೋಡಿ 2005ರಲ್ಲಿ ವರದಿ ಪ್ರಕಟಿಸಿತು. 16 ವರ್ಷದೊಳಗಿನವರಲ್ಲಿ ಶೇ. 12.5 ಮಕ್ಕಳಿಗೆ ಒಂದಲ್ಲ ಒಂದು ತೊಂದರೆ. ಎಂಟರಲ್ಲಿ ಒಂದು ಮಗು! ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಅಂಕಿ. ಮಗುವಿಗೆ ತೊಂದರೆ ಇದೆ ಅಂತ ಅನ್ನಿಸಿದ್ದು ಶೇ. 37.5 ಮನೆಯವರಿಗೆ ಮಾತ್ರ. ಉಳಿದವರು ಹಠ ಅಂದರು, ಸೋಮಾರಿತನ ಅಂದರು, ದೊಡ್ಡವನಾದ ಮೇಲೆ ಸರಿಹೋಗುತ್ತೆ ಅಂದರು ಅಂತ ನಾನು ಊಹಿಸಬಲ್ಲೆ. ನಮ್ಮ ಮನೆಗಳಲ್ಲಿ ಇನ್ನೇನು ಅಂತೀವಿ?

ಹಾಗಾದರೆ ಯಾರೂ ಈ ಜೋಡಣೆ ಮಾಡಲಿಲ್ವಾ? ಮಾಡಿದರು. 1937ರಷ್ಟು ಹಿಂದೆಯೇ ಮುಂಬೈನ ಟಾಟಾ ಸಮಾಜಕಾರ್ಯ ಶಾಲೆಯಲ್ಲಿ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ಶುರುವಾಗಿತ್ತು. ಅಂಥ ಕ್ಲಿನಿಕ್‌ಗಳಲ್ಲಿ ಡಾಕ್ಟರಷ್ಟೇ ಮುಖ್ಯವಾದವರು ಸಮಾಜಕಾರ್ಯಕರ್ತೆ. ಮಗುವಿನ ಮನೆಗೆ ಹೋಗೋದು, ಟೀಚರ್ ಜೊತೆ ಮಾತಾಡೋದು, ಮತ್ತೆ ಬಂದು ಡಾಕ್ಟರಿಗೆ ಹೇಳೋದು ಅವರ ಕೆಲಸ. ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಿಗೆ ಹೋಗಿ ಆದಿವಾಸಿ ಮಕ್ಕಳ ಜೊತೆ ಆಟ, ಚಿತ್ರಗಳ ಮೂಲಕವೇ ಕೆಲಸ ಮಾಡಿದರು. 2014ರ ಹೊತ್ತಿಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ರಾಜ್ಯದ ಮಹಿಳಾ ಮತ್ತು ಮಕ್ಕಳ ಇಲಾಖೆಯ ನೆರವಿನಿಂದ ಬೆಂಗಳೂರಿನ ಅಂಗನವಾಡಿ, ಶಾಲೆ, ಆರೋಗ್ಯ ಕೇಂದ್ರ, ಬಾಲಮಂದಿರಗಳಿಗೆ ತಾನೇ ಹೋಯಿತು. 1975ರಲ್ಲಿ ಬೇರೆಬೇರೆಯಾಗಿ ಹೊರಟ ಎರಡು ದಾರಿ ಕೂಡಿಕೊಳ್ಳೋಕೆ ಹೆಚ್ಚುಕಮ್ಮಿ ನಲವತ್ತು ವರ್ಷ ಹಿಡಿಯಿತು, ಅದೂ ಒಂದು ನಗರದಲ್ಲಿ.

ಅದೇ 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ತಂದು, ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಬಂತು. 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬರೆದಿಟ್ಟುಕೊಳ್ಳಿ.

ಬಾಗಿಲುಗಳು ಈಗ ಕಡಿಮೆಯೇನಿಲ್ಲ. ಆದರೆ ಶಾಲೆಯ ಮೇಷ್ಟ್ರು ಆ ಹುಡುಗನ ಹೆಸರನ್ನು ಆಸ್ಪತ್ರೆಗೆ ದಾಟಿಸಬೇಕು, ಆಸ್ಪತ್ರೆಯವರು ಆಶಾ ಕಾರ್ಯಕರ್ತೆಗೆ ಹೇಳಬೇಕು, ಆಕೆ ಮುಂದಿನ ವಾರ ಮನೆಗೆ ಹೋಗಿ ಹೇಗಿದ್ದೀಯಪ್ಪ ಅನ್ನಬೇಕು. ಈ ಓಡಾಟವನ್ನು ಯಾರ ಸಂಬಳದ ಕೆಲಸ ಅಂತ ಬರೆದಿದ್ದೀವಿ? ಕೋಟದಲ್ಲಿ ಕಪೂರ್ ಕಂಡ ಹಾಗೆ ಇವತ್ತೂ ಆ ಕೆಲಸ ಮನೆಯವರದೇ. ಅಂದರೆ ಬಹುಪಾಲು ಅಮ್ಮಂದಿರದು.

ಮಾರನೆಯ ದಿನ ಫೋನ್ ಮಾಡಿದೆ. ನಂಬರ್ ಹೇಳಿದೆ, ಬರೆದುಕೊಂಡರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನೇ ಕೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮಂಗಳವಾರ ನನಗ ಕೂಲಿ ಐತ್ರಿ ಸರ. ಬಿಟ್ಟು ಹೊಕ್ಕೀನಿ, ಅದೇನಿಲ್ಲ. ಆದ್ರ ಅವ ನನ್ನ ಕೂಡ ಬರಂಗಿಲ್ಲ. ಮೇಷ್ಟ್ರು ಹೇಳಿದ್ರ ಬಂದಾನು. ನೀವು ಮೇಷ್ಟ್ರಿಗೆ ಒಂದು ಮಾತು ಹೇಳ್ತೀರೇನ್ರಿ?"

ಹೇಳಿದೆ. ಮೇಷ್ಟ್ರು ಒಳ್ಳೆಯವರು, ಅವನನ್ನು ಕೂರಿಸಿಕೊಂಡು ತಮ್ಮ ಬೈಕಿನಲ್ಲೇ ಹೋದರು. ಆ ದಿನ ಅವರು ರಜೆ ಚೀಟಿಯಲ್ಲಿ ಬರೆದ ಕಾರಣ, ಸ್ವಂತ ಕೆಲಸ.