ರೋಲ್ಯಾಂಡ್ ಶ್ರೇಢಿ

ರೋಲ್ಯಾಂಡ್ ಶ್ರೇಢಿ ಎಂಬುದು 7ರಿಂದ ಶುರುವಾಗುವ ಒಂದು ಪೂರ್ಣಾಂಕ ಶ್ರೇಢಿ. ಇದರ ಅಕ್ಕಪಕ್ಕದ ಪದಗಳ ವ್ಯತ್ಯಾಸ ತೆಗೆದರೆ ಸಿಗುವುದು ಒಂದೋ 1, ಇಲ್ಲವೇ ಅವಿಭಾಜ್ಯ ಸಂಖ್ಯೆ; ಬೇರೇನೂ ಎಂದೂ ಸಿಗುವುದಿಲ್ಲ. ನಿಯಮವನ್ನು ಹೈಸ್ಕೂಲು ಮಕ್ಕಳಿಗೂ ಹೇಳಿಕೊಡಬಹುದು: ಹಿಂದಿನ ಪದ ಮತ್ತು ಹೊಸ ಪದದ ಕ್ರಮಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಕಂಡುಹಿಡಿದು ಹಿಂದಿನ ಪದಕ್ಕೆ ಕೂಡಿಸಬೇಕು. ಅಷ್ಟೇ.

ಮೊದಲ ಪದಗಳು 7, 8, 9, 10. ಐದನೆಯದಕ್ಕೆ ಬಂದಾಗ 5 ಮತ್ತು 10ರ ಮ.ಸಾ.ಅ. 5 ಆದ್ದರಿಂದ ಶ್ರೇಢಿ ಒಮ್ಮೆಲೇ 15ಕ್ಕೆ ಹಾರುತ್ತದೆ. ಆರನೆಯ ಪದ 18. ಬಳಿಕ 19, 20, 21, 22 ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಹನ್ನೊಂದನೆಯ ಪದದಲ್ಲಿ ಮತ್ತೆ ನೆಗೆತ: 33. ಒಂದುಗಳನ್ನು ಬಿಟ್ಟು ವ್ಯತ್ಯಾಸಗಳನ್ನಷ್ಟೇ ಬರೆದುಕೊಂಡರೆ 5, 3, 11, 3, 23, 3, 47, 3, 5, 3, 101, 3, 7, 11, 3, 13, 233 ಎಂದು ಸಾಲು ಬೆಳೆಯುತ್ತದೆ.

ಇದರ ಗುಟ್ಟು ನೆಗೆತದ ಜಾಗದಲ್ಲಿದೆ. ನೆಗೆದಾಗಲೆಲ್ಲ ಪದವು ತನ್ನ ಕ್ರಮಸಂಖ್ಯೆಯ ಸರಿಯಾಗಿ ಮೂರು ಪಟ್ಟು ಆಗಿರುತ್ತದೆ: ಐದನೆಯದು 15, ಆರನೆಯದು 18, ಹನ್ನೊಂದನೆಯದು 33. ಅಲ್ಲಿಂದ ಮುಂದೆ ಮ.ಸಾ.ಅ.ಗೆ ಒಡ್ಡುವ ಜೋಡಿಯ ಎರಡೂ ಸಂಖ್ಯೆಗಳು ಒಂದೊಂದರಂತೆ ಏರುವುದರಿಂದ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ.

102ನೆಯ ಪದವನ್ನು ನೋಡಿ. ಅದು 306. ಮುಂದಿನ ಜೋಡಿಗಳು 103 ಮತ್ತು 306, 104 ಮತ್ತು 307, 105 ಮತ್ತು 308. ಎಲ್ಲದರ ಅಂತರವೂ 203. ಎರಡು ಸಂಖ್ಯೆಗಳ ಸಾಮಾನ್ಯ ಅಪವರ್ತನ ಅವುಗಳ ಅಂತರವನ್ನೂ ಭಾಗಿಸಲೇಬೇಕು. 203 ಅಂದರೆ 7 × 29. ಇವೆರಡರಲ್ಲಿ 7ರ ಸರದಿ ಮೂರನೆಯ ಹೆಜ್ಜೆಗೇ ಬರುತ್ತದೆ. 29ಕ್ಕೆ ಹದಿನಾಲ್ಕು ಹೆಜ್ಜೆ ಬೇಕಾಗಿತ್ತು. ಹೀಗೆ ಪ್ರತಿ ಸಲವೂ ಅಂತರದ ಅತಿ ಚಿಕ್ಕ ಅವಿಭಾಜ್ಯ ಅಪವರ್ತನವೇ ಮೊದಲು ಕೈಗೆ ಸಿಗುತ್ತದೆ. 308ಕ್ಕೆ 7 ಕೂಡಿಸಿದರೆ 315, ಅಂದರೆ 105ರ ಮೂರು ಪಟ್ಟು. ಚಕ್ರ ಮತ್ತೆ ಮೊದಲಾಯಿತು.

ಈ ನಿಯಮ ಕಣ್ಣಿಗೆ ಬಿದ್ದದ್ದು 2003ರಲ್ಲಿ, ಸ್ಟೀಫನ್ ವುಲ್ಫ್ರಾಮ್ ಅವರ ಬೇಸಿಗೆ ಶಾಲೆಯೊಂದರಲ್ಲಿ. ಕಂಪ್ಯೂಟರಿನಲ್ಲಿ ಸರಳ ಸೂತ್ರಗಳನ್ನು ಒಂದರ ಮೇಲೊಂದು ಓಡಿಸಿ ನೋಡುತ್ತಿದ್ದಾಗ ಮ್ಯಾಟ್ ಫ್ರಾಂಕ್ ನೇತೃತ್ವದ ಗುಂಪಿಗೆ ಇದು ಸಿಕ್ಕಿತು. ಅದೇ ಶಿಬಿರದಲ್ಲಿದ್ದ ಎರಿಕ್ ರೋಲ್ಯಾಂಡ್, ವ್ಯತ್ಯಾಸ 1 ಇಲ್ಲವೇ ಅವಿಭಾಜ್ಯವೇ ಆಗಿರುತ್ತದೆ ಎಂಬುದರ ಸಾಧನೆಯನ್ನು 2008ರಲ್ಲಿ ಪ್ರಕಟಿಸಿದರು. ನೀಲ್ ಸ್ಲೋನ್ 1964ರಲ್ಲಿ ಸಂಗ್ರಹಿಸತೊಡಗಿ ಬೆಳೆಸಿದ ಪೂರ್ಣಾಂಕ ಶ್ರೇಢಿಗಳ ಕೋಶದಲ್ಲಿ ಇದರ ಸಂಖ್ಯೆ ಎ106108.

ಅವಿಭಾಜ್ಯಗಳನ್ನು ಉದುರಿಸುವ ಯಂತ್ರ ಸಿಕ್ಕಿತೆಂದು ಹಿಗ್ಗುವ ಹಾಗಿಲ್ಲ. 101 ಸಿಗಬೇಕಾದರೆ ಅದಕ್ಕೂ ಮುಂಚೆ ನಲವತ್ತೊಂಬತ್ತು ಒಂದುಗಳನ್ನು ದಾಟಬೇಕು. 233ಕ್ಕೆ ನೂರ ಹದಿನೈದು. ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡುವ ಹಳೆಯ ಕೆಲಸವನ್ನೇ ಈ ಸೂತ್ರ ಕೈ ಸುತ್ತಿ ಮೂಗು ಹಿಡಿದಂತೆ ಮಾಡುತ್ತದೆ. ಶುರುವಿನ ಸಂಖ್ಯೆಯ ವಿಷಯದಲ್ಲೂ ಎಚ್ಚರ ಬೇಕು. 7ರ ಬದಲು 532 ಇಟ್ಟರೆ ಹದಿನೇಳನೆಯ ಪದ 567, ಹದಿನೆಂಟನೆಯದು 576. ವ್ಯತ್ಯಾಸ 9, ಅದು ಅವಿಭಾಜ್ಯವಲ್ಲ.

ಮೂರು ಪಟ್ಟಿನಲ್ಲಿ ನಿಂತ ಮೇಲೆ ಅಂತರ ಯಾವಾಗಲೂ ಬೆಸವಾದ್ದರಿಂದ 2 ಈ ಸಾಲಿನಲ್ಲಿ ಬರುವುದೇ ಇಲ್ಲ. ಉಳಿದ ಅವಿಭಾಜ್ಯಗಳೆಲ್ಲ ಎಂದಾದರೂ ಬರುತ್ತವೆ ಎಂಬುದು ರೋಲ್ಯಾಂಡ್ ಅವರ ಊಹೆ. ಒಂದುಗಳನ್ನು ಬಿಟ್ಟು ಎಣಿಸಿದ ಮೊದಲ 10,000 ವ್ಯತ್ಯಾಸಗಳಲ್ಲಿ ತಪ್ಪಿಸಿಕೊಂಡ ಅತಿ ಚಿಕ್ಕ ಬೆಸ ಅವಿಭಾಜ್ಯ 587.

ಬೆನ್ವಾ ಕ್ಲ್ವಾತ್ರ್ ಮ.ಸಾ.ಅ.ದ ಜಾಗಕ್ಕೆ ಲಘುತ್ತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ತಂದು ಇದರ ಜೋಡಿಯೊಂದನ್ನು ಕಟ್ಟಿದರು. ಅದು 1ರಿಂದ ಹೊರಟು 3, 6, 18, 108, 216, 1728 ಎಂದು ಭರದಿಂದ ಏರುತ್ತದೆ. ಅಲ್ಲಿ ವ್ಯತ್ಯಾಸ ತೆಗೆಯುವುದಿಲ್ಲ. ಪ್ರತಿ ಪದವನ್ನು ಹಿಂದಿನದರಿಂದ ಭಾಗಿಸಿ ಒಂದು ಕಳೆಯಬೇಕು. ಆಗ ಬರುವ ಸಾಲು 2, 1, 2, 5, 1, 7.