ಜೋಳಿಗೆ ಯಾರ ಹೆಗಲಿಗೆ

ಮರಾಠಿಯ ‘ಭೀಕ್’, ಕನ್ನಡದ ‘ಭಿಕ್ಷೆ’ ಒಂದೇ ಬೇರಿನ ಪದಗಳು. ಎರಡು ಭಾಷೆಗಳಲ್ಲಿ ಅವು ಬಾಳಿದ ರೀತಿ ಮಾತ್ರ ಬೇರೆ. ಮರಾಠಿಯವರು ಸನ್ಯಾಸಿ ಪಡೆಯುವುದನ್ನು ‘ಭಿಕ್ಷಾ’ ಎನ್ನುತ್ತಾರೆ, ಬೀದಿಯಲ್ಲಿ ಕೈಚಾಚಿದವರಿಗೆ ಸಿಗುವುದನ್ನು ‘ಭೀಕ್’ ಎನ್ನುತ್ತಾರೆ. ಇವೆರಡರ ನಡುವೆ ಮಾಧುಕರಿ, ಜೋಗವಾ, ವರ್ಗಣಿ, ದೇಣಗಿ ಎಂದು ಬೇರೆ ಬೇರೆ ಮೆಟ್ಟಿಲುಗಳಿವೆ. ನಾವು ಮಠದ ಬಾಗಿಲಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ‘ಭಿಕ್ಷೆ’ ಎಂದೇ ಅಂದು, ಅದು ಹಿರಿದೋ ಕಿರಿದೋ ಎಂಬುದನ್ನು ದನಿಯಲ್ಲಿ ತಿಳಿಸುತ್ತೇವೆ. ಹೀಗಳೆಯಲೇಬೇಕೆಂದಾಗ ‘ತಿರುಪೆ’ ಇದೆ, ‘ಬಿಕಾರಿ’ ಇದೆ. ಉಪನಯನದ ವಟು ‘ಭವತಿ ಭಿಕ್ಷಾಂ ದೇಹಿ’ ಎಂದು ತಾಯಿಯ ಮುಂದೆ ನಿಂತಾಗ ಅದು ಮನೆಮಂದಿಗೆಲ್ಲ ಹಬ್ಬ. ಅದೇ ಮಾತನ್ನು ಬೇರೊಬ್ಬರ ಅಪ್ಪನ ಬಗ್ಗೆ ಹೇಳಿ ನೋಡಿ.

2022ರ ಡಿಸೆಂಬರ್ 9ರಂದು ಮಹಾರಾಷ್ಟ್ರದ ಉನ್ನತ ಶಿಕ್ಷಣ ಸಚಿವ ಚಂದ್ರಕಾಂತ ಪಾಟೀಲರು ಈ ಪದವನ್ನು ಪೈಠಣದಲ್ಲಿ ಆಡಿದರು. ಶಾಲೆ ನಡೆಸುವವರು ಸರ್ಕಾರದ ಅನುದಾನವನ್ನೇ ಏಕೆ ನೆಚ್ಚಬೇಕು ಎಂಬುದು ಅವರ ವಾದ. ಜ್ಯೋತಿಬಾ ಫುಲೆ, ಬಾಬಾಸಾಹೇಬ ಅಂಬೇಡ್ಕರ್, ಕರ್ಮವೀರ ಭಾವೂರಾವ್ ಪಾಟೀಲರು ಶಾಲೆ ತೆರೆದಾಗ ಸರ್ಕಾರ ಅನುದಾನ ಕೊಟ್ಟಿರಲಿಲ್ಲ, ಅವರು ಜನರ ಬಳಿ ಭೀಕ್ ಬೇಡಿದರು ಎಂದರು. ಮರುದಿನ ಪಿಂಪ್ರಿ ಚಿಂಚವಾಡದಲ್ಲಿ ಅವರ ಮುಖಕ್ಕೆ ಮಸಿ ಬಿತ್ತು. ಮಸಿ ಎರಚಿದವರ ಮೇಲೆ ಕೊಲೆ ಯತ್ನದ ಮೊಕದ್ದಮೆಯಾಯಿತು, ಬಂದೋಬಸ್ತಿಗಿದ್ದ ಪೊಲೀಸರು ಅಮಾನತಾದರು. 13ರಂದು ಪುಣೆ ಬಂದ್ ಆಯಿತು.

ಪೈಠಣಕ್ಕೆ ಮುನ್ನವೇ ನೆಲ ಕಾದಿತ್ತು. ಮೂರು ವಾರದ ಹಿಂದೆ ಅದೇ ಜಿಲ್ಲೆಯಲ್ಲಿ, ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ, ರಾಜ್ಯಪಾಲ ಭಗತ್ ಸಿಂಗ್ ಕೋಶ್ಯಾರಿ ಶಿವಾಜಿ ಮಹಾರಾಜರನ್ನು ಹಳೆಯ ಕಾಲದ ಆದರ್ಶ ಎಂದಿದ್ದರು. ಆ ಸಿಟ್ಟು ಆರುವ ಮೊದಲೇ ಈ ಮಾತು. ವಿರೋಧ ಪಕ್ಷಗಳು ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಡಿಸೆಂಬರ್ 17ರಂದು ಮುಂಬೈಯಲ್ಲಿ ಮಹಾಮೋರ್ಚಾ ಹೊರಡಿಸಿದವು. ಪಾಟೀಲರ ಕಡೆಯವರು ‘ಪದ ಹಿಡಿದು ಜಗ್ಗಬೇಡಿ, ಆಶಯ ನೋಡಿ’ ಎಂದರು. ದೇಣಿಗೆ, ವಂತಿಗೆ ಎಂಬ ಅರ್ಥದಲ್ಲಿ ಹಾಗೆಂದೆ ಎಂದು ಪಾಟೀಲರೂ ವಿವರಿಸಿದರು.

ಆಶಯ ನೋಡಿ ಎಂಬುದು ನ್ಯಾಯವಾದ ಕೋರಿಕೆಯೇ. ಆದರೆ ಪದಕ್ಕೂ ಒಂದು ಆಯುಷ್ಯವಿದೆ, ಅದು ಆಡಿದವರ ಆಶಯಕ್ಕಿಂತ ಉದ್ದ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅಂಬೇಡ್ಕರರ ಜಾತಿಯವರಾದ ಮಹಾರರು ಊರ ಚಾಕರಿಗೆ ಪ್ರತಿಯಾಗಿ ಬಲುತೆ ಪಡೆಯುತ್ತಿದ್ದರು. ನಮ್ಮ ಕಡೆಯ ಆಯಗಾರರ ಆಯದಂಥದೇ ಹಕ್ಕು ಅದು, ಲೆಕ್ಕದಲ್ಲಿ. ನಡೆಯಲ್ಲಿ ಮಾತ್ರ, ಸಂಜೆಯಾದರೆ ಮನೆ ಮನೆಯ ಹಿತ್ತಿಲಲ್ಲಿ ನಿಂತು ತಂಗಳ ಭಾಕರಿಗೆ ಕೂಗಬೇಕಾಗಿತ್ತು. ದುಡಿದದ್ದಕ್ಕೆ ಸಿಗುವ ಕೂಲಿ ಬೇಡಿದ ತುತ್ತಿನ ರೂಪದಲ್ಲಿ ಕೈಸೇರುತ್ತಿತ್ತು. ಆ ವ್ಯವಸ್ಥೆಯ ಕ್ರೌರ್ಯವೆಲ್ಲ ಅಲ್ಲೇ ಇದೆ: ಹಕ್ಕನ್ನು ಭೀಕ್ ಆಗಿಸುವುದರಲ್ಲಿ. 1927ರ ಮಾರ್ಚಿನಲ್ಲಿ ಮಹಾಡದ ಪರಿಷತ್ತಿನಲ್ಲಿ ಅಂಬೇಡ್ಕರ್ ತಮ್ಮವರಿಗೆ ಕೆರೆಯ ನೀರು ಮುಟ್ಟಿ ಎಂದಷ್ಟೇ ಹೇಳಲಿಲ್ಲ. ಎಸೆದ ತುಣುಕು ತಿನ್ನುವುದನ್ನು ಬಿಡಿ, ಸತ್ತ ದನದ ಮಾಂಸ ಬಿಡಿ ಎಂದರು. ನಾಸಿಕದ ಕಾಳಾರಾಮ ಮಂದಿರದ ಮುಂದೆ 1930ರಿಂದ ಐದು ವರ್ಷ ಸತ್ಯಾಗ್ರಹ ನಡೆಯಿತು. ಬಾಗಿಲಲ್ಲಿ ನಿಂತವರು ದಯೆ ಬೇಡುತ್ತಿರಲಿಲ್ಲ, ಪಾಲು ಕೇಳುತ್ತಿದ್ದರು. ಅಂಥ ಅಂಬೇಡ್ಕರರ ಹೆಸರಿನ ಪಕ್ಕದಲ್ಲಿ, ಅಧಿಕಾರದಲ್ಲಿರುವವರೊಬ್ಬರು ‘ಭೀಕ್’ ಎಂಬ ಪದ ಇಟ್ಟರೆ ಕೇಳುವವರ ಕಿವಿಗೆ ಶಾಲೆಯ ದೇಣಿಗೆ ಕೇಳಿಸುವುದಿಲ್ಲ, ಹಿತ್ತಿಲ ಕೂಗು ಕೇಳಿಸುತ್ತದೆ. ಇದನ್ನು ಅತಿಸೂಕ್ಷ್ಮತೆ ಎಂದು ತಳ್ಳಿಹಾಕುವವರು ಆ ಹಿತ್ತಿಲಲ್ಲಿ ನಿಂತವರ ಮನೆಯವರಲ್ಲ.

ಫುಲೆಯವರ ವಿಷಯದಲ್ಲಂತೂ ಸಚಿವರ ಇತಿಹಾಸವೂ ಪೂರ್ತಿ ಸರಿಯಿರಲಿಲ್ಲ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಮೇಲೆ ಅವರ ಕೆಲಸಕ್ಕೆ ಸರ್ಕಾರದ ದಕ್ಷಿಣಾ ನಿಧಿಯಿಂದ ನೆರವು ಬಂದಿತ್ತು. ಆ ನಿಧಿಯ ಹೆಸರನ್ನು ಗಮನಿಸಿ. ಪೇಶ್ವೆಯರು ಶ್ರಾವಣದಲ್ಲಿ ಪುಣೆಗೆ ಬಂದ ಬ್ರಾಹ್ಮಣರಿಗೆಲ್ಲ ದಕ್ಷಿಣೆ ಹಂಚುತ್ತಿದ್ದರು. ಕಂಪನಿ ಸರ್ಕಾರ ಬಂದ ಮೇಲೆ ಆ ಹಣದ ಒಂದು ಭಾಗ ಪುಸ್ತಕಗಳಿಗೆ, ವಿದ್ಯೆಗೆ ತಿರುಗಿತು. ಅಲ್ಲಿಯೂ ಕೈ ಚಾಚುವುದೇ, ಹಣ ಪಡೆಯುವುದೇ. ಆದರೆ ಆ ಕೈಗೆ ‘ದಕ್ಷಿಣೆ’ ಎಂಬ ಪದ ಸಿಕ್ಕಿತ್ತು, ಅದನ್ನು ಯಾರೂ ಭೀಕ್ ಎನ್ನಲಿಲ್ಲ. ಪಡೆದವರ ಜಾತಿ ಬದಲಾದರೆ ಪದ ಬದಲಾಗುತ್ತದೆ. ಈ ವಿವಾದದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಹಾಗಂತ ಭಿಕ್ಷೆ ಎಂಬುದೇ ಕೀಳು ಪದ ಎಂದು ನಾನು ಒಪ್ಪಲಾರೆ. ಕನ್ನಡ ನಾಡಿನ ಎಷ್ಟೋ ಮಕ್ಕಳು ಓದು ಕಲಿತದ್ದು ಜೋಳಿಗೆಯ ದಯದಿಂದ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಊರೂರು ತಿರುಗಿ ಧಾನ್ಯ ಕೂಡಿಸಿ ಮಕ್ಕಳಿಗೆ ಅನ್ನ ಹಾಕಿದರು. ಆ ದಾಸೋಹ 10,000ದಷ್ಟು ಮಕ್ಕಳ ತಟ್ಟೆ ತುಂಬಿಸುವ ಮಟ್ಟಕ್ಕೆ ಬೆಳೆಯಿತು. ವಾರಾನ್ನ, ಕೋರಾನ್ನದ ನೆನಪುಳ್ಳ ಮನೆತನಗಳು ಧಾರವಾಡ, ವಿಜಯಪುರದ ಕಡೆ ಈಗಲೂ ಇವೆ. ಹರಿದಾಸರ ಕೈಯಲ್ಲಿ ಗೋಪಾಳಬುಟ್ಟಿ ಇತ್ತು. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ‘ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿ’ ಎಂದು ಬೇಡಿದರು. ಕುಡಿತ ಬಿಟ್ಟವರು ಅದೆಷ್ಟೋ. ಭಿಕ್ಷೆ ಎಂಬ ಪದಕ್ಕೆ ಇಂಥ ಅರ್ಥ ಕೊಟ್ಟವರು ಬೇರೆ ಯಾರಿದ್ದಾರೆ? ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಇನ್ನೂ ಮುಂದೆ ಹೋಗಿ ‘ತಿರುಕ’ ಎಂಬುದನ್ನೇ ಕಾವ್ಯನಾಮ ಮಾಡಿಕೊಂಡರು. ಆತ್ಮಕಥೆಗೂ ‘ಜೋಳಿಗೆಯ ಪವಾಡ’ ಎಂದು ಹೆಸರಿಟ್ಟರು. ತಿರುಕ ಎಂದು ಅವರು ಸಹಿ ಹಾಕಿದರೆ ಓದುವವರು ಕೈಮುಗಿಯುತ್ತಿದ್ದರು. ಬೇರೆ ಯಾರಾದರೂ ವೇದಿಕೆಯ ಮೇಲಿಂದ ‘ಆ ತಿರುಕ’ ಎಂದಿದ್ದರೆ ಚಿತ್ರದುರ್ಗದಲ್ಲಿ ಏನಾಗುತ್ತಿತ್ತೋ ಊಹಿಸಬಹುದು.

ಜೋಳಿಗೆ ತಾನಾಗಿ ಹೆಗಲಿಗೇರಿಸಿಕೊಂಡವನಿಗೆ ಅದು ಒಡವೆ. ಮತ್ತೊಬ್ಬರು ತಂದು ಹಾಕಿದರೆ ಅದೇ ನೊಗ. ಭಾವೂರಾವ್ ಪಾಟೀಲರು ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಜೈನರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ‘ರಯತ’ ಎಂಬ ಪದ ನಮ್ಮ ರೈತನ ಒಡಹುಟ್ಟು. ಹಾಸ್ಟೆಲಿನ ಹುಡುಗರ ಊಟಕ್ಕಾಗಿ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಮಾರಿದರು, ಮಂಗಳಸೂತ್ರವನ್ನೂ ಉಳಿಸಿಕೊಳ್ಳಲಿಲ್ಲ. ಇಷ್ಟು ಕೊಟ್ಟವರನ್ನು ‘ಬೇಡಿದವರು’ ಎಂಬ ಒಂದೇ ಪದದಲ್ಲಿ ಮುಗಿಸುವುದು ಹೇಗೆ?

ಪೈಠಣದಲ್ಲಿ ನಿಂತು ಆ ಮಾತಾಡಿದ್ದು ಇನ್ನೊಂದು ನೋವು. ಅದು ಸಂತ ಏಕನಾಥರ ಊರು. ಭಾರೂಡ ಎಂಬ ಅವರ ರೂಪಕದ ಹಾಡುಗಳಲ್ಲಿ ದೇವಿಯ ಹೆಸರಿನಲ್ಲಿ ಜೋಗವಾ ಬೇಡುವವರು ಬರುತ್ತಾರೆ, ಹಾಡಿ ಬೇಡುವ ವಾಸುದೇವ ಬರುತ್ತಾನೆ, ಮಹಾರನೂ ಬಂದು ಮಾತಾಡುತ್ತಾನೆ. ಏಕನಾಥರು ಬೇಡುವವರ ವೇಷವನ್ನು ತಾವೇ ತೊಟ್ಟು ಹಾಡಿದರು. ಜ್ಞಾನೇಶ್ವರರ ಕಥೆಯಲ್ಲೂ ಇದೇ ಇದೆ: ಭಿಕ್ಷೆಗೆ ಹೋದ ಹುಡುಗನನ್ನು ಯಾರೋ ಅವಮಾನಿಸಿದರು, ಆತ ಗುಡಿಸಲ ತಟ್ಟಿ ಎಳೆದುಕೊಂಡು ಒಳಗೆ ಕೂತ, ತಂಗಿ ಮುಕ್ತಾಬಾಯಿ ಹೊರಗಿನಿಂದ ಹಾಡಿ ಹಾಡಿ ಬಾಗಿಲು ತೆಗೆಸಿದಳು. ಬೇಡುವವನಿಗೂ ಮುನಿಯುವ ಹಕ್ಕಿದೆ ಎಂದು ಮರಾಠಿ ಸಂತಪರಂಪರೆ ಏಳುನೂರು ವರ್ಷಗಳಿಂದ ಹೇಳುತ್ತಿದೆ.

ಪೈಠಣ ಇರುವ ಅದೇ ಜಿಲ್ಲೆಯ ಔರಂಗಾಬಾದಿನಲ್ಲಿ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1950ರಲ್ಲಿ ಕಾಲೇಜು ತೆರೆಯಿತು. ಮುಂದೆ ಅದಕ್ಕೆ ಮಿಲಿಂದ ಎಂಬ ಹೆಸರಾಯಿತು, ಆವರಣ ನಾಗಸೇನವನವಾಯಿತು. ಮಿಲಿಂದ ಪ್ರಶ್ನೆ ಕೇಳಿದ ಅರಸ, ನಾಗಸೇನ ಉತ್ತರ ಕೊಟ್ಟ ಭಿಕ್ಷು. ಭಿಕ್ಷುವೆಂದರೆ ಭಿಕ್ಷೆಯಿಂದ ಬಾಳುವವನೇ, ಬೇರೆ ಅರ್ಥವಿಲ್ಲ. ಬೇಡಿದ ತುತ್ತನ್ನು ಬಿಡಿ ಎಂದವರು ತಮ್ಮ ಕಾಲೇಜಿನ ನೆಲಕ್ಕೆ ಭಿಕ್ಷುವಿನ ಹೆಸರಿಟ್ಟರು. ಇದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ಆ ಭಿಕ್ಷುವಿನ ಎದುರು ಅರಸನೇ ಶಿಷ್ಯನಂತೆ ಕೂತಿದ್ದ. ನಾಸಿಕ ಜಿಲ್ಲೆಯ ಇಗತಪುರಿಯಲ್ಲಿ ವಿಪಶ್ಯನ ಧ್ಯಾನದ ಗುರು ಎಸ್.ಎನ್. ಗೋಯಂಕಾ 1976ರಲ್ಲಿ ಧಮ್ಮಗಿರಿ ಕಟ್ಟಿದರು. ಹತ್ತು ದಿನದ ವಿಪಶ್ಯನಕ್ಕೆ ಅಲ್ಲಿ ಶುಲ್ಕವಿಲ್ಲ. ಹಿಂದೆ ಕಲಿತು ಹೋದವರ ದಾನದಿಂದ ಈಗ ಕೂತವರ ಊಟ. ಲಕ್ಷಾಧಿಪತಿಯೂ ಆ ಹತ್ತು ದಿನ ಭಿಕ್ಷುವಿನಂತೆ ಪರರ ಅನ್ನ ಉಣ್ಣಬೇಕು, ಅಹಂಕಾರ ಇಳಿಯುವುದು ಹಾಗೆ ಎಂಬುದು ಅಲ್ಲಿಯ ನಂಬಿಕೆ.

ಇನ್ನು ಕ್ಷಮೆಯ ಮಾತು. ಕನ್ನಡದಲ್ಲಿ ಕ್ಷಮೆಯನ್ನು ‘ಬೇಡುತ್ತೇವೆ’, ಪತ್ರಿಕೆಯ ಕನ್ನಡದಲ್ಲಿ ‘ಯಾಚಿಸುತ್ತೇವೆ’. ಮರಾಠಿಯಲ್ಲಿ ಭೀಕ್‌ಗೂ ಮಾಫಿಗೂ ಒಂದೇ ಕ್ರಿಯಾಪದ, ‘ಮಾಗಣೆ’. ತಪ್ಪು ಮಾಡಿದವನು ನೊಂದವನ ಬಾಗಿಲಿಗೆ ಹೋಗಿ ಕೈಚಾಚಬೇಕು, ಹಾಕುವುದೂ ಬಿಡುವುದೂ ಒಳಗಿನವರ ಇಷ್ಟ ಎಂಬ ತಿಳಿವಳಿಕೆ ಎರಡೂ ಭಾಷೆಗಳಿಗೆ ಇದೆ. ರಾಜಕಾರಣಿಗಳು ಈ ಬೇಡುವಿಕೆಯನ್ನೇ ಕ್ಷಮೆಯಿಂದ ಕಿತ್ತುಹಾಕಿದ್ದಾರೆ. ‘ನೋವಾಗಿದ್ದರೆ’ ಎಂಬ ಒಂದು ಪದ ಅದಕ್ಕೆ ಸಾಕು. 2017ರ ಡಿಸೆಂಬರಿನಲ್ಲಿ ಕುಕನೂರಿನಲ್ಲಿ ಸಂವಿಧಾನದ ಬಗ್ಗೆ, ಜಾತ್ಯತೀತರ ಬಗ್ಗೆ ಆಡಿದ ಮಾತಿಗೆ ಅನಂತಕುಮಾರ ಹೆಗಡೆ ಲೋಕಸಭೆಯಲ್ಲಿ ಕ್ಷಮೆ ಕೇಳಿದ್ದು, ಯಾರಿಗಾದರೂ ನೋವಾಗಿದ್ದರೆ ಎಂಬ ಷರತ್ತಿನ ಮೇಲೆ. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರವನ್ನು ಹೋಲಿಕೆಗೆಂದು ಎಳೆದು ತಂದ ರಮೇಶ್ ಕುಮಾರ್ ಮರುದಿನ ಸದನದಲ್ಲಿ ಕ್ಷಮೆ ಕೇಳಿದಾಗಲೂ ಹೆಣ್ಣುಮಕ್ಕಳಿಗೆ ನೋವಾಗಿದ್ದರೆ ಎಂಬುದು ಸೇರಿಕೊಂಡಿತು. ಒಬ್ಬರು ಬಿಜೆಪಿ, ಒಬ್ಬರು ಕಾಂಗ್ರೆಸ್. ವ್ಯಾಕರಣ ಮಾತ್ರ ಒಂದೇ. ಎದುರಿಗೆ ನೊಂದವರು ನಿಂತಿರುವಾಗ ‘ನೋವಾಗಿದ್ದರೆ’ ಎನ್ನುವುದು ಅವರ ನೋವನ್ನು ಮತ್ತೊಮ್ಮೆ ಅನುಮಾನಿಸಿದಂತೆ.

ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ 2013ರ ಏಪ್ರಿಲಿನಲ್ಲಿ, ಬರಗಾಲದ ನಡುವೆ, ಅಣೆಕಟ್ಟೆಗೆ ನೀರು ಎಲ್ಲಿಂದ ತರಲಿ ಎಂದು ಆಡಬಾರದ ಮಾತಾಡಿದರು. ಕ್ಷಮೆ ಕೇಳಿದರು, ಆಮೇಲೆ ಕರಾಡದಲ್ಲಿ ಯಶವಂತರಾವ್ ಚವ್ಹಾಣರ ಸಮಾಧಿಯ ಬಳಿ ಒಂದು ದಿನ ಉಪವಾಸ ಕೂತರು. ‘ಆತ್ಮಕ್ಲೇಶ’ ಎಂಬ ಪದ ಆಗ ಮರಾಠಿ ಪತ್ರಿಕೆಗಳ ತುಂಬ ಓಡಾಡಿತು. ಆ ಪಶ್ಚಾತ್ತಾಪ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವರು ಕೂತದ್ದು ತೀರಿಕೊಂಡ ನಾಯಕನ ಮುಂದೆ. ನೀರಿಗಾಗಿ ಧರಣಿ ಕೂತಿದ್ದ ಸೊಲ್ಲಾಪುರದ ರೈತನ ಮುಂದೆ ಕೂತಿದ್ದರೆ ಆ ಉಪವಾಸದ ತೂಕ ಬೇರೆಯಾಗುತ್ತಿತ್ತು.

ಚಂದ್ರಕಾಂತ ಪಾಟೀಲರು ಕೊನೆಗೆ ಕ್ಷಮೆ ಕೇಳಿದರು, ವಿವಾದ ಇಲ್ಲಿಗೆ ಮುಗಿಯಲಿ ಎಂದು ವಿನಂತಿಸಿದರು. ಮಸಿ ಬೀಳುವ ಮೊದಲೇ ಆ ಕ್ಷಮೆ ಪೂರ್ತಿಯಾಗಿ ಬಂದಿದ್ದರೆ ಅದು ಕ್ಷಮೆಯಾಗಿಯೇ ಉಳಿಯುತ್ತಿತ್ತು. ಮಸಿ ಎರಚಿದ ಮೇಲೆ ಎರಡೂ ಕಡೆಯವರಿಗೆ ಅದು ಗೆಲುವು ಸೋಲಿನ ಲೆಕ್ಕವಾಯಿತು. ಮಸಿ ಎರಚುವುದನ್ನು ಅಂಬೇಡ್ಕರರ ಹೆಸರಿನಲ್ಲಿ ಸಮರ್ಥಿಸುವುದೂ ನನ್ನಿಂದಾಗದು.

ಈ ಗದ್ದಲದಲ್ಲಿ ಹಿಂದೆ ಸರಿದುಹೋದ ಪದ ‘ಅನುದಾನ’. ಪೈಠಣದ ಭಾಷಣ ಇದ್ದದ್ದೇ ಅದರ ಬಗ್ಗೆ. ನಮ್ಮದೇ ತೆರಿಗೆಯ ಹಣ ಶಾಲೆಗೆ ಮರಳಿ ಬರುವಾಗ ಕನ್ನಡ, ಮರಾಠಿ ಎರಡರಲ್ಲೂ ಅದಕ್ಕೆ ದಾನದ ಹೆಸರು. ನಮ್ಮ ನಾಯಕರು ಚುನಾವಣೆ ಬಂದಾಗ ‘ಮತಭಿಕ್ಷೆ ಬೇಡಲು ಬಂದಿದ್ದೇನೆ’ ಎಂದು ಎದೆತಟ್ಟಿ ಹೇಳುತ್ತಾರೆ, ಆ ಭಿಕ್ಷೆಗೆ ನಾಚುವುದಿಲ್ಲ. ಗೆದ್ದ ಮೇಲೆ ಶಾಲೆಗಳಿಗೆ ‘ಕೈಚಾಚಬೇಡಿ’ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ‘ಕಾಯಂ ವಿನಾಅನುದಾನಿತ’ ಎಂಬ ವರ್ಗದ ಶಾಲೆಗಳಿದ್ದವು. ಎಂದಿಗೂ ಅನುದಾನ ಕೇಳುವಂತಿಲ್ಲ ಎಂದು ಹೆಸರಿನಲ್ಲೇ ಬರೆದಿತ್ತು. ಶಿಕ್ಷಕರು ಹೋರಾಡಿ, 2009ರಲ್ಲಿ ‘ಕಾಯಂ’ ಎಂಬ ಒಂದು ಪದ ತೆಗೆಸಿದರು. ಆಮೇಲೆ ಬಂದದ್ದು ಶೇ 20ರ ಕಂತು. ಉಳಿದದ್ದಕ್ಕಾಗಿ ಮುಂಬೈಯ ಆಜಾದ್ ಮೈದಾನದಲ್ಲಿ ಮತ್ತೆ ಮತ್ತೆ ಧರಣಿ. ಕರ್ನಾಟಕದಲ್ಲಿ 1995ರ ನಂತರ ತೆರೆದ ಕನ್ನಡ ಶಾಲೆಗಳ ಮೇಷ್ಟ್ರುಗಳು ಕೇಳುತ್ತಿರುವುದೂ ಅದನ್ನೇ. ಅವರ ಮನವಿಪತ್ರದ ಒಕ್ಕಣೆ ಈಗಲೂ ‘ದಯಮಾಡಿ’ ಎಂದೇ ಶುರುವಾಗುತ್ತದೆ. ಅದನ್ನು ಓದುವ ಸಚಿವರು, ಯಾವ ಪಕ್ಷದವರೇ ಇರಲಿ, ಆ ‘ದಯಮಾಡಿ’ಯನ್ನು ಹೊಡೆದುಹಾಕಿ ಉಳಿದದ್ದನ್ನು ಓದಲಿ ಎಂಬುದು ನನ್ನ ಆಸೆ.