ಎರೆಭೂತ

ಮುಂಡರಗಿ ಸೀಮೆಯಲ್ಲಿ ‘ಎರಿ ಹೊಲ’ ಅಂದರೆ ಬಿಡಿಸಿ ಹೇಳಬೇಕಿಲ್ಲ: ಮಳೆಯಾದರೆ ಚಪ್ಪಲಿ ಕಚ್ಚಿ ಹಿಡಿಯುವ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುವ ಕರಿಮಣ್ಣು. ಆ ಎರೆಗೆ ಸಂಸ್ಕೃತದ ‘ಭೂತ’ ಸೇರಿ ಎರೆಭೂತ. ಸುಮಾರು ಒಂದು ಮೀಟರ್ ಎತ್ತರದ ಬಯಲುಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರ್ಲಡ್ಡು ಎಂದೂ ಹೆಸರುಂಟು. ನಿಂತಲ್ಲೇ ಹುಲ್ಲಿನಲ್ಲಿ ಕರಗುವ ಹಕ್ಕಿಗೆ ‘ಭೂತ’ ಒಪ್ಪುತ್ತದೆ. ಆದರೆ ಭೂತವೆಂದರೆ ಆಗಿಹೋದದ್ದೂ ಹೌದಲ್ಲ! ರಾಜ್ಯದಲ್ಲಿ ಈಗ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟೇ ಉಳಿದಿವೆ. ಉಳಿಸುವ ಯತ್ನವೂ ನಡೆದಿದೆ: ಜೈಸಲ್ಮೇರಿನಲ್ಲಿ 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಈ ಹಕ್ಕಿಯ ಒಂದು ಮರಿ ಹುಟ್ಟಿತು.

ಪೂರ್ತಿ ಅಳಿದದ್ದನ್ನೇ ಎಬ್ಬಿಸುವ ಮಾತು ಬೇರೆ. 2025ರಲ್ಲಿ ಅಮೆರಿಕದ ಕಂಪನಿಯೊಂದು ಎಂದೋ ಅಳಿದ ಡೈರ್ ತೋಳ ಮರಳಿತೆಂದಾಗ, ಅವು ಜೀನ್ ತಿದ್ದಿದ ಬೂದು ತೋಳಗಳಷ್ಟೇ ಎಂದು ಹಲವು ವಿಜ್ಞಾನಿಗಳು ತಕರಾರೆತ್ತಿದರು. ಇಂಥದ್ದನ್ನು ಕನ್ನಡದಲ್ಲಿ ‘ಮರುಹುಟ್ಟು’ ಎಂದು ಕರೆದರೆ ಹಳೆಯ ಜೀವವೇ ಬಂತೆಂದಾಗುತ್ತದೆ, ಜಗಳವಿರುವುದೂ ಅಲ್ಲೇ.